ಬೆವರುಣ್ಣುವ ಅಂಗಿ

ಬೆವರನ್ನು ಒರೆಸುವ ಬದಲು ಅದನ್ನು ಯಾರಿಗಾದರೂ ಉಣ್ಣಲು ಕೊಟ್ಟರೆ ಹೇಗೆ?

ತಸ್ಲೀಮಾ ಇನಾಮದಾರ ಈ ಪ್ರಶ್ನೆಯನ್ನು ಮೊದಲ ಸಲ ಬಾಯಿಬಿಟ್ಟು ಕೇಳಿದಾಗ ವಿಜಯಪುರದ ಆ ಚರ್ಮ ಸಂಶೋಧನಾ ಕೇಂದ್ರದ ಸಭೆಯಲ್ಲಿದ್ದವರೆಲ್ಲ ನಕ್ಕಿದ್ದರು. ಅವಳೂ ನಕ್ಕು ಸುಮ್ಮನಾಗಿದ್ದಳು. ಹಗಲು ಔಷಧ ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಓದಿದವಳು ಅವಳು. ಉಳಿದವರಿಗೆಲ್ಲ ಗೊತ್ತಿರುವ ಏನೋ ಒಂದು ತನಗೆ ಬಿಟ್ಟುಹೋಗಿದೆ ಎಂಬ ಅಳುಕು ಹೆಸರಿನ ಹಿಂದೆ ಡಾಕ್ಟರ್ ಬಂದ ಮೇಲೂ ಹೋಗಿರಲಿಲ್ಲ. ಪ್ರಯೋಗಾಲಯಕ್ಕೆ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಮೇಲೆ ಹತ್ತಿ ಬೀಗ ಎಳೆದು ನೋಡುತ್ತಿದ್ದಳು. ಆದರೆ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಬೆವರು ತಾನಾಗಿ ಕೆಟ್ಟದ್ದಲ್ಲ. ನೀರು, ಉಪ್ಪು, ಇನ್ನಷ್ಟು ಚೂರುಪಾರು. ಆದರೆ ಎಲ್ಲರ ಚರ್ಮದ ಮೇಲೂ ಕಣ್ಣಿಗೆ ಕಾಣದ ಒಂದು ಬಗೆಯ ಬೂಷ್ಟು ಬದುಕಿರುತ್ತದೆ. ಅದು ಹೊರಬಿಡುವ ಒಂದು ಪ್ರೋಟೀನು ಬೆವರಿನಲ್ಲಿ ಕರಗುತ್ತದೆ. ಬಹಳ ಜನಕ್ಕೆ ಅದರಿಂದ ಏನೂ ಆಗುವುದಿಲ್ಲ. ಇಸುಬು ಇರುವವರ ಚರ್ಮ ಮಾತ್ರ ಬಿರುಕುಬಿಟ್ಟ ಗೋಡೆ ಇದ್ದಂತೆ. ಪ್ರೋಟೀನು ಒಳಗಿಳಿಯುತ್ತದೆ, ಮೈಯ ಕಾವಲಿನವರು ಕಳ್ಳ ಬಂದನೆಂದು ಎದ್ದು ಕೂಗಾಡುತ್ತಾರೆ, ಉರಿ ಮತ್ತು ಕಡಿತ ಶುರುವಾಗುತ್ತದೆ. ಅಂಥವರು ಓಡಿದರೆ ಕಷ್ಟ, ಆಡಿದರೆ ಕಷ್ಟ. ಮುಂಜಾನೆಯೇ ನೆಲ ಕಾಯುವ ಇಂದಿನ ಬೇಸಿಗೆಯಲ್ಲಂತೂ ಸುಮ್ಮನೆ ಕೂತರೂ ಕಷ್ಟ. ಮುಲಾಮು ಹಚ್ಚು, ಸಡಿಲ ಹತ್ತಿ ಬಟ್ಟೆ ತೊಡು, ಬೆವರನ್ನು ತಿಕ್ಕದೆ ಒತ್ತಿ ಒರೆಸು. ವೈದ್ಯರ ಬಳಿ ಇದ್ದದ್ದು ಇಷ್ಟೇ.

ತಸ್ಲೀಮಾ ನೂಲಿನ ಎಳೆಯನ್ನು ಟೊಳ್ಳು ಮಾಡಿ ಅದರೊಳಗೆ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಕೂರಿಸಿದಳು. ಅಂಗಿ ಒಣಗಿರುವಾಗ ಅವು ಮಲಗಿರುತ್ತವೆ. ಬೆವರು ತಾಗಿದೊಡನೆ ಎದ್ದು ಆ ಪ್ರೋಟೀನನ್ನೇ ಹುಡುಕಿ ತಿನ್ನುತ್ತವೆ. ಕೊರಳ ಹತ್ತಿರ ಒಂದು ಗುಂಡಿ. ಎಳೆಗಳಲ್ಲಿ ಜೀವ ಇದ್ದರೆ ಅದು ಹಸಿರು, ಇಲ್ಲದಿದ್ದರೆ ಬೂದು; ಆ ಸಂಕೇತ ಕೇಂದ್ರದ ಪರದೆಯಲ್ಲೂ ಕಾಣುತ್ತದೆ. ತೊಡುವವರ ಬೆವರಿಗೆ ಅಂಗಿಯನ್ನು ವಾರಗಟ್ಟಲೆ ಒಗ್ಗಿಸಬೇಕು. ಹಾಗಾಗಿ ಒಬ್ಬರಿಗೆ ಒಂದೇ ಅಂಗಿ.

ಆ ಅಂಗಿಯನ್ನು ಮೊದಲು ತೊಟ್ಟ ಕ್ರೀಡಾಪಟು ದಾನಮ್ಮ.

ಅವಳನ್ನು ಕರೆತಂದವರು ಸೈಕ್ಲಿಂಗ್ ತರಬೇತುದಾರ ಸಿದರಾಯ ಬಿರಾದಾರ. ಹುಡುಗಿಗೆ ಹತ್ತೊಂಬತ್ತು ವರ್ಷ. ಎರಡೂ ಮೊಣಕೈಗಳ ಒಳಮಡಿಕೆ, ಕತ್ತು, ಮೊಣಕಾಲ ಹಿಂಭಾಗ ಎಲ್ಲ ಸುಲಿದು ಕಪ್ಪಾಗಿತ್ತು. ಹಿಂದಿನ ವರ್ಷ ರಾಜ್ಯಮಟ್ಟದ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಉರಿ ತಾಳಲಾರದೆ ಸೈಕಲ್ ಬಿಟ್ಟು, ದಾರಿಬದಿಯ ಬೇವಿನ ಮರಕ್ಕೆ ಮೊಣಕೈ ತಿಕ್ಕುತ್ತ ನಿಂತುಬಿಟ್ಟಿದ್ದಳು. ಯಾರೋ ಅದನ್ನು ಚಿತ್ರೀಕರಿಸಿ ಊರಿಗೆಲ್ಲ ಹಂಚಿದ್ದರು.

“ಎಮ್ಮಿ ಅಂತಾರ್ರಿ ನನಗ. ಗಿಡಕ್ಕ ಮೈ ತಿಕ್ಕೋ ಎಮ್ಮಿ,” ಎಂದಳು ದಾನಮ್ಮ, ನಗುತ್ತಲೇ.

“ಕಾಲಾಗ ಬಲ ಐತ್ರಿ ಮೇಡಂ ಈ ಹುಡುಗಿಗೆ,” ಎಂದರು ಬಿರಾದಾರ. “ಆದ್ರ ಇನ್ನೊಂದ್ ಸಲ ದಾರ್ಯಾಗ ನಿಂತ್ಲಂದ್ರ ತಂಡದಾಗ ಇಟ್ಕೊಳ್ಳಾಕ ನನ್ನ ಕೈಲಿ ಆಗಂಗಿಲ್ಲ. ಮ್ಯಾಲಿನವ್ರು ಆಗಲೇ ಹೆಸರು ತಗೀರಿ ಅಂತ ಬೆನ್ನು ಹತ್ಯಾರ. ಬ್ಯಾಸಿಗ್ಯಾಗ ಆಯ್ಕೆ ಪಂದ್ಯ ಐತಿ. ಅದs ಕಡೀದು.”

ದಾನಮ್ಮನ ನಗು ಆಗ ನಿಂತಿತು.

ತಸ್ಲೀಮಾ ಅಂಗಿ ಕೊಟ್ಟಳು. ತೊಳೆಯಬಾರದು, ನೆರಳಲ್ಲಿ ಹರವಬೇಕು ಎಂದಳು. ಜೊತೆಗೆ ಬೆಳ್ಳಿ ಕಾಗದದಲ್ಲಿ ಸುತ್ತಿದ ಬಿಳಿ ಸಾಬೂನುಗಳ ಒಂದು ಪೆಟ್ಟಿಗೆಯನ್ನೂ ಕೊಟ್ಟಳು. ಸವಾರಿ ಮುಗಿದ ಮೇಲೆ ಇದರಿಂದ ಮೈ ತೊಳೆಯಬೇಕು, ಅಂಗಿಯ ಜೀವಿಗಳು ಮೈಮೇಲೆ ಉಳಿಯಬಾರದು. ಯಾರೂ ಕೇಳಿರದ ಈ ನಿಯಮವನ್ನು ತಸ್ಲೀಮಾ ತಾನೇ ಸೇರಿಸಿದ್ದಳು. ನಿರುಪದ್ರವಿ ಎಂದು ನೂರು ಸಲ ಪರೀಕ್ಷಿಸಿದ್ದರೂ, ಅಕಸ್ಮಾತ್ ತಾನೇ ತಪ್ಪಿದ್ದರೆ? ಕೇಂದ್ರದ ಸಿಬ್ಬಂದಿಗೆ ಅಂಗಿ ತೊಡಿಸಿ, ತಾನೂ ತೊಟ್ಟು, ಆಮೇಲೆ ಇದೇ ಸಾಬೂನಿನಿಂದ ತೋಳು ತೊಳೆಸಿ ನೋಡಿದ್ದಳು. ಬ್ಯಾಕ್ಟೀರಿಯಾ ಒಂದೂ ಉಳಿದಿರಲಿಲ್ಲ. ಇವು ಚರ್ಮದ ಮೇಲೆ ನೆಲೆಸುವ ಜಾತಿಯಲ್ಲ, ಅಂಗಿಯಿಲ್ಲದೆ ಕೆಲಸವಿಲ್ಲ ಎಂದು ವರದಿಯಲ್ಲಿ ಬರೆದಳು.

*

ದಾನಮ್ಮನ ಮನೆ ಜಲನಗರದ ಹಿಂದಿನ ಓಣಿಯಲ್ಲಿ. ತಾಯಿ ಮಹಾನಂದಾ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಓಣಿಯ ಹೆಸರಲ್ಲಿ ಜಲ ಇದ್ದರೂ ನಳದಲ್ಲಿ ಇರಲಿಲ್ಲ. ಬೇಸಿಗೆ ಬಂದರೆ ನಳಕ್ಕೆ ಎಂದು ನೀರು ಬರುತ್ತದೆ ಎಂಬುದು ನಳಕ್ಕೇ ಗೊತ್ತು. ಹಿಟ್ಟು ಕಲೆಸಲು, ಕುಡಿಯಲು ತೆಗೆದಿಟ್ಟು ಉಳಿದರೆ ಸ್ನಾನ. ದಾನಮ್ಮ ಸವಾರಿ ಮುಗಿಸಿ ಬಂದರೆ ಒಂದು ಚರಿಗೆ ನೀರಿನಲ್ಲಿ ಅರಿವೆ ಅದ್ದಿ ಮೈ ಒತ್ತಿಕೊಂಡು ಬೇರೆ ಬಟ್ಟೆ ಉಡುತ್ತಿದ್ದಳು.

ಸಾಬೂನಿನ ಪೆಟ್ಟಿಗೆ ಬಂದ ದಿನವೇ ಮಹಾನಂದಾ ಅದನ್ನು ಮೂಸಿ ನೋಡಿ, ಬೆಳ್ಳಿ ಕಾಗದ ಸವರಿ, ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟಿದ್ದಳು.

“ಅವ್ವ, ಅದು ಮೈಗೆ ಹಚ್ಚಾಕ ಕೊಟ್ಟಾರ.”

“ಒಂದ್ ಚರಿಗಿ ನೀರಾಗ ಸಾಬೂನು ಹಚ್ಚಿ ತೊಳಕೊಳ್ಳೂದೆಂಗ? ಅರ್ಧ ಮೈಯಾಗ ಉಳದು ಮತ್ತ ಕಡೀತೈತಿ. ಇಷ್ಟ್ ಚಲೋ ಸಾಬೂನು, ಬೀಗರು ಬಂದಾಗ ಬೇಕಾಗ್ತಾವ ಬಿಡು.”

“ಯಾರ ಬೀಗರು?”

“ಯಾರರ ಬರ್ತಾರ.”

ದಾನಮ್ಮ ಜಗಳ ಮುಂದುವರಿಸಲಿಲ್ಲ. ಅವಳೂ ಒಂದು ವಿಷಯ ಮುಚ್ಚಿಟ್ಟಿದ್ದಳು. ಅಂಗಿಯಲ್ಲಿ ಔಷಧಿ ಇದೆ, ತೊಳೆಯಬಾರದು ಎಂದಷ್ಟೇ ತಾಯಿಗೆ ಹೇಳಿದ್ದಳು. ಜೀವಂತ ಕ್ರಿಮಿಗಳಿವೆ ಎಂದಿದ್ದರೆ ಮಹಾನಂದಾ ಅಂಗಿಯನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕುತ್ತಿದ್ದಳು. ಮಗಳು ತೊಟ್ಟಿಲಲ್ಲಿ ಕೆನ್ನೆ ಕೆರೆದುಕೊಂಡು ರಕ್ತ ಬರಿಸಿಕೊಂಡಾಗ ಒಬ್ಬ ವೈದ್ಯರು, ಕೂಸಿನ ಬಟ್ಟೆ ಕುದಿಸಿ ಹಾಕಮ್ಮ ಎಂದಿದ್ದರು. ಅಂದಿನಿಂದ ಮಹಾನಂದಾ ಮಗಳ ಬಟ್ಟೆಯನ್ನು ಕುದಿಸದೆ ಮುಟ್ಟಿಸಿದವಳಲ್ಲ. ನೀರಿಲ್ಲದಾಗ ಹಿಂದಿನ ವಾರ ಕುದಿಸಿಟ್ಟ ಬಟ್ಟೆಗಳ ಗಂಟು ತಯಾರಿರುತ್ತಿತ್ತು.

*

ಅಂಗಿ ಕೆಲಸ ಮಾಡಿತು.

ಮೊದಲ ವಾರಗಳಲ್ಲಿ ತಸ್ಲೀಮಾ ನಂಬಲಿಲ್ಲ. ದಾನಮ್ಮ ಕೇಂದ್ರದ ನಿಂತ ಸೈಕಲ್ಲಿನ ಮೇಲೆ ಕಾದ ಕೋಣೆಯಲ್ಲಿ ತುಳಿಯುತ್ತಿದ್ದಳು. ಮೊಣಕೈ ಮಡಿಕೆಯಲ್ಲಿ ಅಂಟಿಸಿದ ಉಗುರಿನಷ್ಟು ಅಗಲದ ಪಟ್ಟಿ ಉರಿಯೂತವನ್ನು ಅಳೆದು ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ಹೊಸ ಅಂಗಿ ಕೊಡುವ ಮುನ್ನ, ಹಳೆಯ ಅಂಗಿಯಲ್ಲಿ, ಆ ಗೆರೆ ಕೆಂಪು ರೇಖೆಯನ್ನು ದಾಟಿ ಹಾರಿತ್ತು. ಹೊಸ ಅಂಗಿಯಲ್ಲಿ ಸ್ವಲ್ಪ ಏರಿ, ಬೆವರು ಚೆನ್ನಾಗಿ ಇಳಿಯತೊಡಗಿದ ಮೇಲೆ ಬಾಗಿ, ಮಲಗಿಬಿಡುತ್ತಿತ್ತು.

“ಪಟ್ಟಿ ಬಿಚ್ಚೇನರ ಬಿದ್ದೈತೇನು?” ಎಂದು ತಸ್ಲೀಮಾ ಪ್ರತಿಸಲ ಓಡಿಬರುತ್ತಿದ್ದಳು.

“ಇಲ್ಲೇ ಐತ್ರಿ. ಮೇಡಂ, ನೀವು ಚಲೋ ಆದ್ರೂ ಅಂಜತೀರಲ್ಲ!”

“ಚಲೋ ಆದಾಗs ಅಂಜಿಕಿ ನೋಡವಾ. ಸಾಬೂನು ಸಾಕಾದ್ವಾ? ಮತ್ತೊಂದ್ ಪೆಟ್ಟಿಗಿ ಕೊಡ್ಲೇನು?”

“ಬ್ಯಾಡ್ರಿ,” ಎಂದಳು ದಾನಮ್ಮ, ಹಣೆಯ ಬೆವರು ಒತ್ತಿಕೊಳ್ಳುತ್ತ. “ಇನ್ನೂ ಭಾಳ ಅದಾವ.”

*

ಆಯ್ಕೆ ಪಂದ್ಯದ ಹಿಂದಿನ ದಿನ ಜಲನಗರಕ್ಕೆ ನೀರು ಬಂತು. ಓಣಿಗೆ ಓಣಿಯೇ ಕೊಡ ಹಿಡಿದು ಕೂಗಾಡಿತು. ಮಹಾನಂದಾ ಹಂಡೆ ತುಂಬಿದಳು, ಪೀಪಾಯಿ ತುಂಬಿದಳು, ಕೊನೆಗೆ ಅಡುಗೆಯ ಪಾತ್ರೆಗಳನ್ನೂ ತುಂಬಿದಳು. ಆಮೇಲೆ ಮನೆಯ ಬಟ್ಟೆಗಳನ್ನೆಲ್ಲ ಅಂಗಳಕ್ಕೆ ಎಳೆದಳು.

ದಾನಮ್ಮ ದಾರಿ ನೋಡಿಬರಲು ತಂಡದೊಡನೆ ಬಬಲೇಶ್ವರದ ಕಡೆ ಹೋಗಿದ್ದಳು. ನೆರಳಲ್ಲಿ ಹರವಿದ್ದ ಅಂಗಿ ಮಹಾನಂದಾಳ ಕಣ್ಣಿಗೆ ಬಿತ್ತು. ಮೂಸಿ ನೋಡಿದಳು. ಹುಳಿಬಂದ ಅಂಬಲಿಯ ವಾಸನೆ. ನಾಳೆ ಊರ ಜನವೆಲ್ಲ ಸಾಲುಗಟ್ಟಿ ನಿಂತು ನೋಡುವಾಗ ಮಗಳು ಇದನ್ನು ತೊಟ್ಟು ಹೋಗುವುದೇ? ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಾಯಿತು. ಔಷಧಿ ಇಷ್ಟು ಸವಾರಿಗಳಲ್ಲಿ ಮೈಗೆ ಇಳಿದಿರಬೇಕು. ಒಂದು ಸಲ ತೊಳೆದರೆ ಏನಾಗುತ್ತದೆ?

ಅವಳು ಅಂಗಿಯನ್ನು ಸೋಡಾ ಹಾಕಿ ಕುದಿಸಿದಳು. ಕಲ್ಲಿನ ಮೇಲೆ ಮೆತ್ತಗೆ ಬಡಿದಳು. ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ ದೇವರ ಮುಂದೆ ಇಟ್ಟಳು.

ಬೆಳಗಿನ ಜಾವ ದಾನಮ್ಮ ಅಂಗಿ ಎತ್ತಿಕೊಂಡಾಗ ಅದು ಗರಿಗರಿಯಾಗಿತ್ತು. ಗುಂಡಿ ಬೂದಾಗಿತ್ತು.

“ನೋಡು, ಮಲ್ಲಿಗಿ ಹೂವಿನಂಗ ಆಗೇತಿ,” ಎಂದಳು ಮಹಾನಂದಾ.

ದಾನಮ್ಮ ಗುಂಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಆಮೇಲೆ ನೆಲಕ್ಕೆ ಕೂತು, ಅಂಗಿಯಲ್ಲಿ ಏನಿತ್ತು ಎಂಬುದನ್ನು ತಾಯಿಗೆ ಮೊದಲ ಸಲ ಪೂರ್ತಿ ಹೇಳಿದಳು. ಮಹಾನಂದಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

“ಮೊದ್ಲs ಹೇಳಬಾರದಿತ್ತೇನ ನನ್ನವ್ವ!”

“ಹೇಳಿದ್ರ ತೊಡಾಕ ಬಿಡ್ತಿದ್ದೇನು?”

ದಾನಮ್ಮ ಅಂಗಿ ತೊಟ್ಟಳು. ಅಂಥ ಇನ್ನೊಂದು ಅಂಗಿ ಇರಲಿಲ್ಲ.

*

ಪಂದ್ಯ ಶುರುವಾಗುವ ಜಾಗದಲ್ಲಿ ಕೇಂದ್ರದ ವ್ಯಾನ್ ನಿಂತಿತ್ತು. ಒಳಗೆ ಪರದೆಯ ಮುಂದೆ ಕೂತಿದ್ದ ತಸ್ಲೀಮಾ ಗುಂಡಿಯ ಸಂಕೇತ ನೋಡಿ, ಯಂತ್ರವನ್ನು ಆರಿಸಿ ಹಚ್ಚಿ, ಮತ್ತೆ ನೋಡಿ, ಚಪ್ಪಲಿ ಬಿಟ್ಟು ಓಡಿದಳು.

“ದಾನಮ್ಮ, ಗುಂಡಿ ಬೂದಾಗೇದ!”

“ಗೊತ್ತೈತ್ರಿ ಮೇಡಂ. ಅವ್ವ ಕುದಿಸ್ಯಾಳ.”

“ಕುದಿಸಿ...”

“ಇಸ್ತ್ರೀನೂ ಮಾಡ್ಯಾಳ್ರಿ.”

ಮಹಾನಂದಾ ರೊಟ್ಟಿಯ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು, ತಲೆ ಎತ್ತಲಿಲ್ಲ. ಬಿರಾದಾರ ತಲೆಯ ಮೇಲೆ ಕೈ ಹೊತ್ತುಕೊಂಡರು. “ಹಿಂದ ಸರದ್ಬಿಡು ದಾನಿ. ಜ್ವರ ಬಂದಾವ ಅಂತ ಹೇಳೋಣ. ಮುಂದಿನ ವರ್ಷ ಕಡಿಗೆ ಕೇಳಾಕರ ಬಾಯಿ ಇರ್ತೈತಿ. ಹೋಗಿ ಅರ್ಧಕ್ಕ ನಿಂತ್ರ ಮುಗೀತು.”

ತಸ್ಲೀಮಾಗೂ ಹಾಗೇ ಅನ್ನಿಸಿತು. ಇದು ಈಗ ಬರೀ ಬಟ್ಟೆ ಎಂದು ಹುಡುಗಿಗೆ ಹೇಳುವುದು ತನ್ನ ಕರ್ತವ್ಯ. ಹೇಳಿದಳು.

ದಾನಮ್ಮ ಪೆಡಲಿಗೆ ಕಾಲು ಕೊಟ್ಟಳು. “ನಿಲ್ಲೂದs ಇದ್ರ ದಾರ್ಯಾಗ ನಿಲ್ತೀನ್ರಿ. ಇಲ್ಲಿ ನಿಲ್ಲಂಗಿಲ್ಲ.”

“ಹಂಗಾದ್ರ ಒಂದ್ ಮಾತು,” ಎಂದಳು ತಸ್ಲೀಮಾ. “ಗೆರಿ ಕೆಂಪು ದಾಟ್ತಂದ್ರ ನಾನs ಬಂದು ನಿಲ್ಲಸ್ತೀನಿ. ಜಗಳಾಡಬಾರ್ದು.”

“ಆಡಂಗಿಲ್ರಿ.”

ಸೀಟಿ ಕೂಗಿತು. ಬಿರಾದಾರ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಸವಾರರ ಬೆನ್ನು ಹತ್ತಿದರು. ತಸ್ಲೀಮಾ ಮಹಾನಂದಾಳ ಕೈ ಹಿಡಿದು ವ್ಯಾನಿಗೆ ಹತ್ತಿಸಿಕೊಂಡಳು. ವ್ಯಾನ್ ಹಿಂದೆ ಹೊರಟಿತು.

ಬಿಸಿಲು ಬೇಗನೆ ಏರಿತು. ಪರದೆಯ ಮೇಲಿನ ಗೆರೆಯೂ ಏರಿತು.

“ಆ ಗೆರಿ ಏನ್ರಿ ಮೇಡಂ?” ಮಹಾನಂದಾ ಮೆಲ್ಲಗೆ ಕೇಳಿದಳು.

“ನಿಮ್ಮ ಮಗಳ ಉರಿ.”

ಮಹಾನಂದಾ ಪರದೆಯತ್ತ ಕೈ ಚಾಚಿ, ಮುಟ್ಟದೆ, ಕೈ ಹಿಂದಕ್ಕೆ ತೆಗೆದುಕೊಂಡಳು. ಗೆರೆ ಕೆಂಪಿನ ಹತ್ತಿರ ಹತ್ತಿರ ಹೋಯಿತು. ತಸ್ಲೀಮಾ ಚಾಲಕನಿಗೆ ಮುಂದಕ್ಕೆ ಬಿಡಲು ಹೇಳಬೇಕೆಂದು ಬಾಯಿ ತೆರೆದಳು.

ಗೆರೆ ನಿಂತಿತು. ನಿಂತಲ್ಲೇ ಸ್ವಲ್ಪ ನಡುಗಿ, ಕೆಳಕ್ಕೆ ಬಾಗಿತು.

ತಸ್ಲೀಮಾ ಪರದೆಗೆ ಬೆರಳಿನಿಂದ ಬಡಿದಳು. ಪಟ್ಟಿ ಬಿಚ್ಚಿಬಿದ್ದಿರಬೇಕು. ಫೋನ್ ಎತ್ತಿದಳು. “ಬಿರಾದಾರ ಸರ್, ಹುಡುಗಿ ಕೈ ಎಲ್ಲಿ ಅದಾವ?”

“ಹ್ಯಾಂಡಲ್ ಮ್ಯಾಲ ಅದಾವ್ರಿ.”

“ಎರಡೂ?”

“ಎರಡೂ! ಒಮ್ಮೆನೂ ಕೆರಕೊಂಡಿಲ್ಲ. ನಾಕನೇದಾಕಿ ಅದಾಳ ಈಗ.”

ಇದು ಆಗಲು ಸಾಧ್ಯವಿಲ್ಲ ಎಂದುಕೊಂಡಳು ತಸ್ಲೀಮಾ. ಅಂಗಿ ಸತ್ತಿದೆ. ಅಂಗಿಯಿಲ್ಲದೆ ಈ ಕೆಲಸ ಆಗುವುದಿಲ್ಲ ಎಂದು ತಾನೇ ಬರೆದಿದ್ದಾಳೆ. ಹಾಗಾದರೆ ಇಷ್ಟು ದಿನ ಕೆಲಸ ಮಾಡಿದ್ದು ಅಂಗಿಯೇ ಅಲ್ಲವೇ? ಎಲ್ಲ ತನ್ನ ಭ್ರಮೆಯೇ?

ಪಕ್ಕದಲ್ಲಿ ಮಹಾನಂದಾ ತನ್ನಷ್ಟಕ್ಕೆ ಹಲುಬುತ್ತಿದ್ದಳು. “ಆ ನೀರು ನಿನ್ನೇನs ಬರಬೇಕಾ? ಬರದಿದ್ರ ತೊಳೀತಿದ್ದಿಲ್ರಿ ನಾ. ಎಷ್ಟೋ ದಿನದ ಮ್ಯಾಲ ಬಂತು ಅಂತ ಹುರುಪಿಲೆ...”

ತಸ್ಲೀಮಾ ಪರದೆಯಿಂದ ಕಣ್ಣು ತೆಗೆದಳು. “ನಿಂದರ್ರಿ. ಎಷ್ಟೋ ದಿನ ಅಂದ್ರ? ನೀರಿದ್ದಿಲ್ಲೇನು ನಿಮ್ಮಲ್ಲಿ?”

“ಎಲ್ಲಿಂದ ಇರ್ಬೇಕ್ರಿ ಬ್ಯಾಸಿಗ್ಯಾಗ?”

“ಮತ್ತ ದಾನಮ್ಮ ದಿನಾ ಸ್ನಾನ ಹೆಂಗ ಮಾಡತಿದ್ಲು?”

“ಒದ್ದಿ ಅರಿವಿಲೆ ಒರಸ್ಕೋತಿದ್ಲು. ಅಷ್ಟ ರೀ.”

“ಸಾಬೂನು?”

ಮಹಾನಂದಾ ಇನ್ನೊಂದು ತಪ್ಪು ಸಿಕ್ಕಿಬಿದ್ದವಳಂತೆ ಮುಖ ಸಣ್ಣದು ಮಾಡಿದಳು. “ಟ್ರಂಕಿನಾಗ ಅದಾವ್ರಿ. ಕಾಗದಾನೂ ಬಿಚ್ಚಿಲ್ಲ. ಬೀಗರು ಬಂದ್ರ ಅಂತ ಇಟ್ಟಿದ್ದೆ. ತಂದು ಕೊಟ್ಬಿಡ್ತೀನ್ರಿ.”

ತಸ್ಲೀಮಾಳ ತಲೆಯಲ್ಲಿ ಎಲ್ಲ ಒಂದೊಂದಾಗಿ ಜಾಗಕ್ಕೆ ಕೂತಿತು. ಸಿಬ್ಬಂದಿಯ ತೋಳಿನ ಮೇಲೆ ಬ್ಯಾಕ್ಟೀರಿಯಾ ಉಳಿಯದಿದ್ದದ್ದು ಅವಕ್ಕೆ ನೆಲೆಸಲು ಬಾರದೆಂದಲ್ಲ. ಪ್ರತಿಸಲ ತಾನೇ ಸಾಬೂನು ಹಾಕಿ ಅವನ್ನು ಹೊರದಬ್ಬಿದ್ದಳು. ಇಲ್ಲಿ, ನೀರಿಲ್ಲದ ಮನೆಯಲ್ಲಿ, ಯಾರೂ ದಬ್ಬಿರಲಿಲ್ಲ. ಅಂಗಿಯಿಂದ ಇಳಿದವು ಹುಡುಗಿಯ ಮೊಣಕೈಯಲ್ಲಿ, ಕತ್ತಿನಲ್ಲಿ ಮನೆ ಮಾಡಿಕೊಂಡಿದ್ದವು. ಅಂಗಿ ಅವುಗಳನ್ನು ಕರೆತಂದ ಗಾಡಿ ಮಾತ್ರ. ಗಾಡಿಯನ್ನು ಕುದಿಸಿದರೆ ಬಂದವರಿಗೇನು?

ಅವಳಿಗೆ ನಗು ಬಂತು. ತಡೆಯಲು ನೋಡಿದರೆ ಕಣ್ಣಲ್ಲಿ ನೀರು ಬಂತು.

“ಸಿಟ್ಟಿಗೆದ್ರೇನ್ರಿ?” ಮಹಾನಂದಾ ಗಾಬರಿಯಾದಳು.

“ಇಲ್ಲಕ್ಕಾ, ಇಲ್ಲ! ನೀವು ಆ ಟ್ರಂಕು ತಗೀಲಿಲ್ಲಲ್ಲ, ಅದs ಭಾಳ ಚಲೋ ಆತು. ನೋಡ್ರಿ, ನೋಡ್ರಿ ಇಲ್ಲಿ ಗೆರಿ!”

ಗೆರೆ ಮಲಗಿತ್ತು.

ಫೋನಿನಲ್ಲಿ ಬಿರಾದಾರರ ಕೂಗು. “ಎರಡನೇದಾಕಿ ಆದ್ಲು! ಮುಂದ ಜಮಖಂಡಿ ಹುಡುಗಿ ಒಬ್ಬಾಕಿನs!”

ವ್ಯಾನ್ ಅಡ್ಡದಾರಿ ಹಿಡಿದು ಅವರನ್ನು ಮುಕ್ತಾಯದ ಗೆರೆಗೆ ತಂದು ಬಿಟ್ಟಿತು. ರಸ್ತೆಯ ಎರಡೂ ಬದಿ ಜನ. ದೂರದಲ್ಲಿ ಬಿಸಿಗಾಳಿಯ ನಡುಕದಲ್ಲಿ ಎರಡು ಸೈಕಲ್ಲುಗಳು ಕಂಡವು. ಯಾರೋ ಹಿಂದಿನಿಂದ, “ಏ, ಎಮ್ಮಿ ಬಂತಲೇ, ಗಿಡ ಹಿಡೀರಿ!” ಎಂದು ಕೂಗಿದ. ಮಹಾನಂದಾ ತಿರುಗಿ, “ನಿಮ್ಮಪ್ಪನ್ನ ಹಿಡಿ!” ಎಂದಳು. ಸುತ್ತಲಿದ್ದವರು ಘೊಳ್ಳೆಂದರು.

ಜಮಖಂಡಿಯ ಹುಡುಗಿ ಬೆವರು ಕಣ್ಣಿಗಿಳಿದು ಒಂದು ಕೈ ಎತ್ತಿ ಒರೆಸಿಕೊಂಡಳು. ಆ ಒಂದು ಕ್ಷಣ ಸಾಕಾಯಿತು. ದಾನಮ್ಮನ ಎರಡೂ ಕೈ ಹ್ಯಾಂಡಲಿನ ಮೇಲಿದ್ದವು. ಪಂದ್ಯವೊಂದರಲ್ಲಿ ಬೆವರು ಇಳಿಯುತ್ತಿದ್ದರೂ ಕೈ ಎತ್ತದೆ ತುಳಿದದ್ದು ಇದೇ ಮೊದಲು. ಅವಳು ಎದ್ದು ನಿಂತು ತುಳಿದಳು. ಒಂದು ಗಾಲಿಯಷ್ಟು ಮುಂದೆ, ಮೊದಲು, ಗೆರೆ ದಾಟಿದಳು.

ಬಿರಾದಾರ ಬೈಕ್ ನಿಲ್ಲುವ ಮೊದಲೇ ಜಿಗಿದು ಬಿದ್ದು ಎದ್ದರು. ತಸ್ಲೀಮಾ ಓಡಿಬಂದು, “ಅಂಗಿ ಸತ್ರೂ ಅವು ನಿನ್ನ ಮೈಮ್ಯಾಲ ಬದುಕ್ಯಾವ ದಾನಮ್ಮ!” ಎಂದಳು. ಮಹಾನಂದಾ ಮಗಳನ್ನು ಅಪ್ಪಿಕೊಳ್ಳಲು ಹೋಗಿ, ಆ ಮೈತುಂಬ ಇಳಿಯುತ್ತಿದ್ದ ಬೆವರು ನೋಡಿ, ಅಭ್ಯಾಸದಂತೆ ಒದ್ದೆ ಅರಿವೆ ತೆಗೆದಳು.

“ಇರಲಿ ಬಿಡವ್ವ,” ಎಂದಳು ದಾನಮ್ಮ, ಏದುಸಿರಿನ ನಡುವೆ. “ಉಂಡು ಮುಗಸ್ಲಿ.”

*

ತಸ್ಲೀಮಾ ಅಂದೇ ದಾನಮ್ಮನ ಮೊಣಕೈಯಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು ಗಾಜಿನ ತಟ್ಟೆಗೆ ಹಚ್ಚಿದಳು. ಕೆಲವು ದಿನಗಳ ಮೇಲೆ ಮುಚ್ಚಳ ತೆಗೆದಾಗ ತಟ್ಟೆಯ ತುಂಬ ಅಂಗಿಯ ಬ್ಯಾಕ್ಟೀರಿಯಾಗಳ ಹಸಿರು ಚುಕ್ಕೆಗಳಿದ್ದವು. ಪುನಃ ಮಾಡಿದಳು. ಮತ್ತೊಮ್ಮೆ ಮಾಡಿದಳು. ಆಮೇಲೆ ಸಭೆಗೆ ಹೋಗಿ, ಹಿಂದೆ ನಕ್ಕಿದ್ದವರ ಮುಂದೆ ನಿಂತು, ತಾನು ಬರೆದ ವರದಿ ತಪ್ಪು, ತನ್ನ ಪ್ರಶ್ನೆ ಸರಿ ಎಂದಳು. ಕೆಲವು ವಾರ ಅಂಗಿ ತೊಟ್ಟರೆ ಸಾಕು, ಆಮೇಲೆ ಅಂಗಿ ಬೇಡ. ಈ ಸಲ ಯಾರೂ ನಗಲಿಲ್ಲ. ಮೆಟ್ಟಿಲಿಳಿದ ಮೇಲೆ ಬೀಗ ನೋಡಲು ಅವಳು ಮತ್ತೆ ಹತ್ತಿದಳು, ಅದು ಬೇರೆ ಮಾತು.

ದಾನಮ್ಮ ರಾಷ್ಟ್ರೀಯ ಶಿಬಿರಕ್ಕೆ ಹೊರಡುವ ಹಿಂದಿನ ದಿನ ಮಹಾನಂದಾ ತಸ್ಲೀಮಾಳನ್ನು ಊಟಕ್ಕೆ ಕರೆದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕೈ ತೊಳೆಯಲು ಬಚ್ಚಲಿಗೆ ಕರೆದೊಯ್ದವಳು, ತಡೀರಿ ಎಂದು ಒಳಗೆ ಓಡಿದಳು. ಟ್ರಂಕಿನ ಕೀಲು ಕಿರುಗುಟ್ಟಿತು. ಬೆಳ್ಳಿ ಕಾಗದ ಬಿಚ್ಚುತ್ತ ಹೊರಗೆ ಬಂದಳು.

“ನೋಡ್ರಿ, ಬೀಗರಿಗಂತ ಇಟ್ಟಿದ್ದೆ. ನಿಮಗಿಂತ ದೊಡ್ಡ ಬೀಗರು ಯಾರ್ ಬರ್ತಾರ? ತಗೋರಿ, ಚಂದಾಗಿ ತೊಳ್ಕೊಳ್ರಿ.”

ತಸ್ಲೀಮಾ ತನ್ನದೇ ಸಾಬೂನಿನಿಂದ ನೊರೆ ಬರಿಸಿ ಕೈ ತೊಳೆದಳು. ಹಿಂದೆ ನಿಂತಿದ್ದ ದಾನಮ್ಮ ತಾನೂ ತೊಳೆಯೋಣವೆಂದು ಸಾಬೂನಿಗೆ ಕೈ ಚಾಚಿದಳು.

ಮಹಾನಂದಾ ಫಟ್ಟೆಂದು ಆ ಕೈ ಮೇಲೆ ಒಂದು ಕೊಟ್ಟಳು.

“ನಿನಗಲ್ಲದು. ಕೈಗೆ ನೀರು ಸಾಕು. ಅಷ್ಟು ಮಂದಿನ್ನ ಮನೀಗೆ ಕರಕೊಂಡು ಬಂದು ಈಗ ಹೊರಗ ಹಾಕ್ತೀಯೇನು?”